ಹಳಿ ಹಾಕಿದ ವರ್ಷದ ಮೂವರು

ನಾನು ಹುಟ್ಟಿದ ತಾರೀಖು ನನಗೆ ಗೊತ್ತಿಲ್ಲ. ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಮಾಸ್ತರರು ತಮಗೆ ತೋಚಿದ ತಾರೀಖು ಬರೆದುಕೊಂಡರು, ಅದೇ ಇವತ್ತಿಗೂ ನಡೆದಿದೆ. ಆದರೆ ನಮ್ಮ ಆಯಿ, ಅಂದರೆ ನಮ್ಮಪ್ಪನ ತಾಯಿ, ಯಾವಾಗ ಹುಟ್ಟಿದಳು ಅನ್ನೋದು ಊರಿಗೆಲ್ಲ ಗೊತ್ತಿತ್ತು. ಕೊಪ್ಪಳದ ಕಡೆ ರೈಲಿನ ಹಳಿ ಹಾಕಿದ ವರ್ಷ. ಆ ವರ್ಷ ನಮ್ಮೂರಲ್ಲಿ ಹುಟ್ಟಿ ಉಳಿದ ಕೂಸುಗಳು ಮೂರೇ ಅಂತ ಹೇಳುತ್ತಿದ್ದರು. ಮೂವರೂ ದೊಡ್ಡ ಮಂದಿ ಆದರು. ದೊಡ್ಡ ಮಂದಿ ಅಂದರೆ ಕುರ್ಚಿ ಮೇಲೆ ಕೂತವರಲ್ಲ. ಕುಕನೂರಿನಿಂದ, ಯಲಬುರ್ಗಾದಿಂದ ಜನ ಬಂಡಿ ಕಟ್ಟಿಕೊಂಡು ಹುಡುಕುತ್ತ ಬರುವಂಥವರು.

ಒಬ್ಬ ಬಾವಿ ಮುತ್ಯಾ. ಹೊಲದಲ್ಲಿ ಬರಿಗಾಲಲ್ಲಿ ತಿರುಗಿ, ಹಾರೆಯಿಂದ ನೆಲಕ್ಕೆ ಕುಟ್ಟಿ, ಆ ಸಪ್ಪಳ ಕೇಳಿ ಇಲ್ಲಿ ಅಗೀರಿ ಅನ್ನುತ್ತಿದ್ದ. ನಮ್ಮದು ಒಣ ನೆಲ, ತಳದಲ್ಲಿ ಬರೀ ಬಂಡೆ. ಆದರೂ ಅವನು ತೋರಿಸಿದಲ್ಲಿ ನೀರು ಬರುತ್ತಿತ್ತು. ಹೆಂಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಇನ್ನೊಬ್ಬ ಗುಂಡಿನ ಮುತ್ಯಾ. ಹನುಮಪ್ಪನ ಗುಡಿ ಮುಂದೆ ಒಂದು ಗುಂಡುಕಲ್ಲು ಇತ್ತು. ಹರೇದ ಹುಡುಗರು ಅದನ್ನ ಮೊಣಕಾಲಿನ ತನಕ ತಂದು ಕೈಬಿಡುತ್ತಿದ್ದರು. ಈತ ತಲೆ ಬೆಳ್ಳಗಾದ ಮೇಲೂ ಅದನ್ನ ಹೆಗಲಿಗೆ ಏರಿಸಿಕೊಂಡು, ಗುಡಿ ಸುತ್ತು ಹಾಕಿ, ಸಾವಕಾಶ ಇಳಿಸುತ್ತಿದ್ದ. ಎತ್ತೋದು ದೊಡ್ಡದಲ್ಲ, ಸಪ್ಪಳ ಆಗದಂಗೆ ಇಳಿಸೋದು ದೊಡ್ಡದು ಅಂತಿದ್ದ.

ಮೂರನೆಯವಳು ನಮ್ಮ ಆಯಿ, ಸೂಲಗಿತ್ತಿ. ಊರಿನ ಅರ್ಧ ಮಂದಿ ಆಕೆಯ ಕೈಯಲ್ಲೇ ಭೂಮಿಗೆ ಬಂದವರು. ಬಸುರಿಯ ಹೊಟ್ಟೆಗೆ ಕಿವಿ ಹಚ್ಚಿ ಮಲಗಿದಳೆಂದರೆ ಒಳಗಿನ ಕೂಸಿನ ಎದೆಬಡಿತ ಆಕೆಗೆ ಕೇಳುತ್ತಿತ್ತು. ತಲೆ ಎಲ್ಲಿದೆ, ಕಾಲು ಎಲ್ಲಿದೆ, ಜೀವ ಗಟ್ಟಿ ಇದೆಯೋ ಇಲ್ಲವೋ, ಎಲ್ಲಾ ಹೇಳುತ್ತಿದ್ದಳು.

ಮೂವರೂ ಗುಡಿ ಕಟ್ಟೆಗೆ ಕೂಡಿದರೆ ಬರೀ ಜಗಳ.

"ಆರಾಮ ಅದಿಯೇನಬೇ ಯಕ್ಕಾ?" ಅಂತ ಗುಂಡಿನ ಮುತ್ಯಾ ಬೇಕಂತಲೇ ಕೆಣಕುತ್ತಿದ್ದ.

"ಯಾರಿಗೆ ಅಕ್ಕ ಅಂತೀಯೋ? ನೀ ಹುಟ್ಟಿದಾಗ ಹಳಿ ಇನ್ನಾ ಬಂಡ್ಯಾಗ ಇದ್ದವು. ನಾ ಹುಟ್ಟಿದಾಗ ರೈಲು ಸಿಳ್ಳಿ ಹೊಡದಿತ್ತು. ನೀನ ಮುದುಕ."

"ಇಬ್ಬರೂ ಮುದುಕರ ಅದೀರಿ," ಬಾವಿ ಮುತ್ಯಾ ಬಾಯಿ ಹಾಕುತ್ತಿದ್ದ. "ನೀವು ಮೊದಲ ಹೋಗ್ರಿ. ನಾ ಕಿವಿಗೆ ರೊಟ್ಟಿ ಕಟ್ಟಿಕೊಂಡು ಕುಂದರತೀನಿ."

ಈ ರೊಟ್ಟಿಯ ಮಾತು ಈಗಿನವರಿಗೆ ಹೇಳಬೇಕು. ಒಂದೇ ವಾರಿಗೆಯವರು, ಅಂದರೆ ಒಂದೇ ವರ್ಷ ಹುಟ್ಟಿದವರು, ಅವರಲ್ಲಿ ಒಬ್ಬರು ಸತ್ತರೆ ಆ ಸಾವಿನ ಅಳು ಉಳಿದವರ ಕಿವಿಗೆ ಬೀಳಬಾರದು. ಬಿದ್ದರೆ ಸತ್ತವರು ಅವರನ್ನೂ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಅಂಗೈಯಗಲ ಎರಡು ಜೋಳದ ರೊಟ್ಟಿ ಅರೆಬರೆ ಬೇಯಿಸಿ, ಬಿಸಿ ಇರುವಾಗಲೇ ಎರಡೂ ಕಿವಿಗೆ ಒತ್ತಿ, ಮೇಲೆ ಅರಿವೆ ಬಿಗಿಯಬೇಕು. ಹೆಣ ಮಣ್ಣು ಸೇರುವ ತನಕ ಬಿಚ್ಚಬಾರದು. ಇದನ್ನ ನಾವೆಲ್ಲ ನಂಬಿದ್ದೆವು. ಚೇಳು ಕಡಿದರೆ ಉರಿಯುತ್ತದೆ ಅನ್ನೋದನ್ನ ನಂಬಿದ ಹಾಗೆ.

ಸ್ವಾತಂತ್ರ್ಯ ಬರೋದಕ್ಕೆ ಐದಾರು ವರ್ಷ ಮೊದಲು, ಒಂದು ಮುಂಜಾನೆ, ಬಾವಿ ಮುತ್ಯಾ ಅಂಬಲಿ ಕುಡಿದು ಗೋಡೆಗೆ ಒರಗಿದವನು ಏಳಲೇ ಇಲ್ಲ. ಸುದ್ದಿ ತಂದವರು ಹಿತ್ತಲಿಂದ ಬಂದು ನಮ್ಮವ್ವನ ಕಿವಿಯಲ್ಲಿ ಹೇಳಿದರು. ಅವ್ವ ಎರಡು ರೊಟ್ಟಿ ಬಡಿದಳು. ನನಗೆ ಆಗ ಹತ್ತು ವರ್ಷ ಇರಬೇಕು. ಆಯಿಯ ಕಿವಿಗೆ ಒತ್ತಿದವಳು ನಾನೇ. ಸತ್ತವರು ಯಾರು ಅಂತ ಆಯಿ ಕೇಳಲಿಲ್ಲ. ನನ್ನ ಮುಖ ನೋಡಿದಳು ಅಷ್ಟೇ. ಒಂದು ಚೂರೂ ಸಂದು ಬಿಡಬಾರದು ಅಂತ ನಾನು ಬಿಗಿದು ಬಿಗಿದು ಕಟ್ಟಿದೆ. ಸಂದು ಬಿಟ್ಟು ಆಕೆ ಸತ್ತರೆ ಕೊಂದವಳು ನಾನು ಅಂತ ನನ್ನ ತಲೆಯಲ್ಲಿ ಕೂತಿತ್ತು.

ಅಷ್ಟರಲ್ಲಿ ಬಾವಿ ಮುತ್ಯಾನ ಮಗ ಓಡಿ ಬಂದು ಬಾಗಿಲಲ್ಲಿ ನಿಂತ. ಅವನ ಹೆಂಡತಿಗೆ ದಿನ ತುಂಬಿತ್ತು. ಮಾವ ಸತ್ತದ್ದು ಕಂಡು ಆಕೆಗೆ ಹೆರಿಗೆಯ ಬ್ಯಾನೆ ಎದ್ದಿತ್ತು.

"ಅಣ್ಣಾ, ಕೂಸು ಅಡ್ಡಾಗೇತಂತ. ಆಕಿ ಉಳಿಯೂದಿಲ್ಲೋ ಅಣ್ಣಾ."

"ಇವತ್ತ ನಮ್ಮವ್ವನ್ನ ಕೇಳಬ್ಯಾಡ," ಅಂದ ನಮ್ಮಪ್ಪ. "ಹೆಣ ಇರೋ ಮನಿಗೆ, ಅದೂ ವಾರಿಗಿಯವನ ಮನಿಗೆ, ಹೆಂಗ ಕಳಸಲಿ? ಕುಕನೂರಿಂದ ಯಾರನ್ನಾರ ಕರಸು."

"ಬಂಡಿ ಹೋಗಿ ಬರೂದ್ರಾಗ ಎರಡು ಹೆಣ ಆಗ್ತಾವು."

ಆಯಿಗೆ ಇದೇನೂ ಕೇಳಿಸಿರಲಿಲ್ಲ. ಆ ಮಗನ ಮುಖ ಕಂಡಳು, ಸತ್ತವನು ಯಾರು ಅಂತ ತಿಳಿದುಕೊಂಡಳು. ಅವನ ಕೈ ಹೊಟ್ಟೆಯ ಕಡೆ ತೋರಿಸಿದ್ದು ಕಂಡಳು, ಉಳಿದದ್ದೂ ತಿಳಿಯಿತು. ಗೂಟದಲ್ಲಿದ್ದ ಔಡಲೆಣ್ಣೆ ಸೀಸೆ ತೆಗೆದುಕೊಂಡಳು. ಅಪ್ಪ ಬಾಗಿಲಿಗೆ ಅಡ್ಡ ನಿಂತ.

"ಯವ್ವಾ, ಬ್ಯಾಡಬೇ! ನಿನಗೇನರೆ ಆದ್ರ?"

"ಏನಂದಿ? ಕೇಳಸೂದಿಲ್ಲ," ಅಂದಳು, ಊರಿಗೆಲ್ಲ ಕೇಳುವ ಹಾಗೆ. ಅವನನ್ನ ಸರಿಸಿ ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ.

ಆ ಮನೆಯ ಪಡಸಾಲೆಯಲ್ಲಿ ಬಾವಿ ಮುತ್ಯಾನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ. ಹೆಂಗಸರು ಎದೆ ಬಡಿದುಕೊಂಡು ಹಾಡಿ ಅಳುತ್ತಿದ್ದರು, ಭಜನೆಯವರು ತಾಳ ಹಾಕುತ್ತಿದ್ದರು. ಆಯಿ ಅತ್ತ ನೋಡದೆ ಒಳಕೋಣೆಗೆ ಹೋದಳು. ಆ ಸೊಸೆ ಬೆವರಿನಲ್ಲಿ ತೊಯ್ದು, ಕಣ್ಣು ಮೇಲೆ ಮಾಡಿ ಬಿದ್ದಿದ್ದಳು. ಆಯಿ ಎಣ್ಣೆ ಸವರಿ ಹೊಟ್ಟೆ ಮುಟ್ಟಿ ನೋಡಿದಳು. ಮತ್ತೆ ಮುಟ್ಟಿದಳು. ಕೈಗೆ ತಿಳಿಯಲಿಲ್ಲ. ರೊಟ್ಟಿ ಕಟ್ಟಿದ ತಲೆಯನ್ನೇ ಹೊಟ್ಟೆಗೆ ಇಟ್ಟಳು, ಎತ್ತಿದಳು.

ಆಮೇಲೆ ಅರಿವೆಯ ಗಂಟಿಗೆ ಕೈ ಹಾಕಿದಳು.

"ಆಯಿ, ಬಿಚ್ಚಬ್ಯಾಡ!" ನಾನು ಆಕೆಯ ಕೈ ಹಿಡಿದೆ. ಒಂದು ಏಟು ಕೊಟ್ಟಳು, ಕೈ ಬಿಟ್ಟೆ. ಅರಿವೆ ಹರಿದು ಎರಡೂ ರೊಟ್ಟಿ ಕಿತ್ತು ನನ್ನ ಕೈಗಿಟ್ಟಳು. ಹೊರಗಿನ ಅಳು ಆಕೆಯ ಕಿವಿಗೆ ನುಗ್ಗಿದ್ದನ್ನ ನಾನು ಕಣ್ಣಾರೆ ಕಂಡೆ. ಒಂದು ಗಳಿಗೆ ಮುಖ ಬಿಳಿಚಿತು. ಹೊಟ್ಟೆಗೆ ಕಿವಿ ಹಚ್ಚಿದಳು. ಆ ಗದ್ದಲದಲ್ಲಿ ಏನು ಕೇಳೀತು?

ಎದ್ದು ಪಡಸಾಲೆಗೆ ಬಂದಳು. ಹೆಣದ ಎದುರಿಗೇ ನಿಂತಳು.

"ಅಳೂದು ನಿಲ್ಲಸ್ರಿ!"

ಸಾವಿನ ಮನೆಯಲ್ಲಿ ಅಂಥ ಮಾತನ್ನ ಯಾರೂ ಕೇಳಿರಲಿಲ್ಲ. "ತಾಳ ಕೆಳಗಿಡ್ರಿ. ಅಂವ ಎಲ್ಲೂ ಹೋಗೂದಿಲ್ಲ, ಅಲ್ಲೇ ಕುಂತಿರ್ತಾನ. ಒಳಗಿಂದು ಹೋಗಾಕತ್ತೇತಿ."

ಎಲ್ಲರೂ ಸುಮ್ಮನಾದರು. ಸತ್ತವನ ಹೆಂಡತಿ ಸೆರಗನ್ನ ಬಾಯಿಗೆ ತುರುಕಿಕೊಂಡಳು. ಅಷ್ಟು ಜನ, ಅಷ್ಟು ದುಃಖ, ಒಂದು ಸಪ್ಪಳ ಇಲ್ಲ. ನಾನು ದೊಡ್ಡ ದೊಡ್ಡ ಗುಡಿ ನೋಡಿದ್ದೇನೆ, ಇಟಗಿಯ ಗುಡಿಯೊಳಗೆ ನಿಂತು ಬಂದಿದ್ದೇನೆ. ಆ ಪಡಸಾಲೆಯಲ್ಲಿ ನಿಂತಾಗ ಮೈ ಜುಮ್ಮೆಂದ ಹಾಗೆ ಮತ್ತೆಲ್ಲೂ ಅಂದಿಲ್ಲ.

ಆಯಿ ಕಿವಿ ಹಚ್ಚಿ ಕೇಳಿದಳು. "ಐತಿ," ಅಂದಳು. ಎಣ್ಣೆ ಹಾಕಿ ಎರಡೂ ಕೈಯಿಂದ ತಿರುವಿದಳು, ಕಿವಿ ಹಚ್ಚಿದಳು, ಮತ್ತೆ ತಿರುವಿದಳು. ಎಷ್ಟು ಹೊತ್ತು ಅಂತ ನಾನು ಹೇಳಲಾರೆ. ನನ್ನ ಕೈಯಲ್ಲಿನ ರೊಟ್ಟಿ ತಣ್ಣಗಾಗಿ ಚರ್ಮದಂಗೆ ಬಿರುಸಾಗಿತ್ತು. ಕೊನೆಗೆ ತಲೆ ಕೆಳಗೆ ಬಂತು, ಕೂಸು ಬಂತು. ಹೆಣ್ಣು. ಬೆನ್ನಿಗೆ ಎರಡೇಟು ಬಿದ್ದ ಮೇಲೆ ಕಿರುಚಿತು.

ಆಯಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಈಗ ಅಳ್ರಿ," ಅಂದಳು.

ಅವರು ಅತ್ತರು. ಆದರೆ ಆಯಿ ಅಲ್ಲಿ ನಿಲ್ಲಲಿಲ್ಲ. ಸೀದಾ ಗುಂಡಿನ ಮುತ್ಯಾನ ಮನೆಗೆ ನಡೆದಳು. ಆ ಮನುಷ್ಯ ಮೇವಿನ ಕೋಣೆಯಲ್ಲಿ, ಕಿವಿಗೆ ರೊಟ್ಟಿ ಕಟ್ಟಿ, ಮೇಲೆ ರುಮಾಲು ಸುತ್ತಿ, ಜೋಳದ ಸೊಪ್ಪೆಯ ಸಂದಿಯಲ್ಲಿ ಮುದುರಿ ಕೂತಿದ್ದ. ಆಯಿ ರುಮಾಲು ಎಳೆದು ರೊಟ್ಟಿ ಕಿತ್ತಳು.

"ನಾ ಕೇಳೇನಿ. ಸತ್ತೇನೇನ ನೋಡು. ಏಳು, ಆ ಬಾವಿಯವನ್ನ ಎತ್ತಾಕ ನೀ ಬೇಕು."

ಅವನು ಮೈಮೇಲಿನ ಮೇವು ಕೊಡವಿಕೊಂಡ. ಎದ್ದ. ಮುಂದಿನ ಹೆಗಲು ಅವನೇ ಕೊಟ್ಟ, ಕಿವಿಯಲ್ಲಿ ಇನ್ನೂ ರೊಟ್ಟಿಯ ಚೂರು ಅಂಟಿತ್ತು. ಕುಣಿಯೊಳಗೆ ಗೆಳೆಯನನ್ನ ಇಳಿಸಿದವನೂ ಅವನೇ. ಒಂದು ಸಪ್ಪಳ ಆಗಲಿಲ್ಲ ಅಂತ ನಮ್ಮಪ್ಪ ಬಂದು ಹೇಳಿದ.

ಮರುದಿನ ಮುಂಜಾನೆ ನಾನು ಎದ್ದವಳೇ ಆಯಿಯ ಹಾಸಿಗೆ ಕಡೆ ಓಡಿದೆ. ಹಾಸಿಗೆ ಖಾಲಿ ಇತ್ತು. ಹಿತ್ತಲಲ್ಲಿ ಆಕೆ ಎಮ್ಮೆಯ ಮುಂದೆ ಕೂತು, ನಿನ್ನೆಯ ಆ ಎರಡು ರೊಟ್ಟಿ ಮುರಿದು ಹಾಕುತ್ತಿದ್ದಳು.

"ಏನ ನೋಡ್ತಿ?" ಅಂದಳು. "ಹೋಗು, ಆ ಬಾಣಂತಿಗೆ ನೀರು ಕಾಸೂದೈತಿ. ಕಟ್ಟಿಗಿ ತಗೊಂಡು ನಡಿ."