ಅಕ್ಕನ ಪಾತ್ರೆಯ ಮುಚ್ಚಳ

ನನ್ನ ಅಕ್ಕನಿಗೆ ಅಡುಗೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮನೆಯವರೆಲ್ಲ ಈಗ ಅದನ್ನು ಮರೆತವರಂತೆ ಆಡುತ್ತಿದ್ದಾರೆ.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು ಅವಳು. ಮಕ್ಕಳ ಬಾಯಲ್ಲಿ ಸ್ಟೇರಿಂಗಕ್ಕ. ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆದರೆಂಬುದು ಕನ್ನಡಿ ನೋಡದೆಯೇ ಗೊತ್ತಾಗುತ್ತಿತ್ತಂತೆ. ಇರಬಹುದು. ಆದರೆ ಮೊಟ್ಟೆ ಬೇಯಿಸಲು ಇಟ್ಟು, ನೀರು ಹಾಕುವುದನ್ನೇ ಮರೆತವಳೂ ಅವಳೇ. ತಳ ಸುಟ್ಟ ಆ ಪಾತ್ರೆ ಇವತ್ತಿಗೂ ನಮ್ಮ ಮನೆಯ ಅಟ್ಟದ ಮೇಲಿದೆ. ಸಾಕ್ಷಿಗೆ ಇರಲಿ ಎಂದು ನಾನೇ ಇಟ್ಟುಕೊಂಡಿದ್ದೇನೆ.

ನಾನು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ದಿನಕ್ಕೆ ಇನ್ನೂರ ಎಂಬತ್ತು ತಟ್ಟೆ. ನಮ್ಮಿಬ್ಬರಲ್ಲಿ ಎತ್ತರ ಅವಳ ಪಾಲಿಗೆ ಹೋಯಿತು, ಬಣ್ಣ ಅವಳ ಪಾಲಿಗೆ ಹೋಯಿತು, ದಾರಿಯಲ್ಲಿ ಹೋಗುವವರೆಲ್ಲ ಕೈ ಬೀಸುವಂಥ ಕೆಲಸವೂ ಅವಳಿಗೇ ಸಿಕ್ಕಿತು. ನನಗೆ ಉಳಿದದ್ದು ಕೈರುಚಿ ಒಂದೇ. "ಊಟ ಅಂದ್ರೆ ಚಿಕ್ಕವಳ ಕೈಯ್ದು" ಎಂದು ಅಮ್ಮ ಹೇಳಿದಾಗಲೆಲ್ಲ ಅಕ್ಕ ಬೆರಳು ಚೀಪುತ್ತ ಹೂಂ ಎನ್ನುತ್ತಿದ್ದಳು. ಆ ಒಂದು ಮಾತನ್ನು ನೆಚ್ಚಿಕೊಂಡೇ ನಾನು ಅರ್ಧ ಆಯಸ್ಸು ಕಳೆದಿದ್ದೇನೆ.

ನಿವೃತ್ತಿಯಾದ ಮೇಲೆ ಅಕ್ಕ ಹಳೆಯ ಕ್ಯಾರವಾನ್ ಒಂದನ್ನು ಕೊಂಡಳು, ಚಕ್ರದ ಮೇಲೊಂದು ಪುಟ್ಟ ಮನೆ. ಗೋಡೆಗಂಟಿದ ಮಂಚ ಮೂರು, ಮಡಚುವ ಮೇಜು ಒಂದು, ಅಂಗೈಯಗಲದ ಅಡುಗೆಕಟ್ಟೆ.

"ಇದರಲ್ಲಿ ಏನು ತಿಂದು ಬದುಕ್ತೀಯೆ? ಗಾಳಿನಾ?" ಎಂದು ನಕ್ಕೆ.

ಅವಳು ಪೆಟ್ಟಿಗೆಯೊಂದರಿಂದ ಕರೆಂಟಿನ ಸ್ಲೋ ಕುಕ್ಕರ್ ತೆಗೆದು ಮೇಜಿನ ಮೇಲಿಟ್ಟಳು. ದಪ್ಪ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ, ತಿರುಗಿಸಲು ಒಂದು ಗುಂಡಿ. ಬೆಳಗ್ಗೆ ಎಲ್ಲವನ್ನೂ ಹೆಚ್ಚಿ ತುಂಬಿಟ್ಟು ಊರು ಸುತ್ತಲು ಹೋಗುವುದು, ಮಧ್ಯಾಹ್ನ ಬಂದು ಉಣ್ಣುವುದು. ಕೈಯಾಡಿಸುವಂತಿಲ್ಲ, ಉರಿ ನೋಡುವಂತಿಲ್ಲ, ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಇದನ್ನೂ ಅಡುಗೆ ಅನ್ನುವುದಾದರೆ ಬಟ್ಟೆ ನೆನೆಹಾಕುವುದನ್ನೂ ಅಡುಗೆ ಅನ್ನಬಹುದು.

ಅಲ್ಲಿಗೆ ಮುಗಿದಿದ್ದರೆ ನನಗೇನೂ ಇರಲಿಲ್ಲ. ಆದರೆ ನಡುವೆ ಅಮ್ಮ ಬಂದಳು.

ಅಮ್ಮ ಇರುವುದು ನನ್ನ ಮನೆಯಲ್ಲಿ. ಎಂಬತ್ತಮೂರು ವರ್ಷ, ಬಾಯಲ್ಲಿ ನಾಲ್ಕು ಹಲ್ಲು. ಈ ವರ್ಷ ತಟ್ಟೆ ದೂಡಲು ಶುರುಮಾಡಿದಳು. ಎರಡು ತುತ್ತು ಬಾಯಿಗಿಟ್ಟರೆ "ಸಾಕು ಕಣೇ." ಉಂಗುರ ಬೆರಳಿನಿಂದ ಜಾರಿ ಬೀಳತೊಡಗಿತು. ಡಾಕ್ಟರು "ತಿನ್ನದೇ ಇದ್ರೆ ನನ್ನ ಮಾತ್ರೆ ಏನು ಮಾಡುತ್ತೆ?" ಎಂದರು. ಹಲ್ಲಿನದೇ ತೊಂದರೆ ಎಂದುಕೊಂಡು ನಾನು ಎಲ್ಲವನ್ನೂ ಬೆಣ್ಣೆಯಂತೆ ಬೇಯಿಸಿದೆ, ಅರೆದೆ, ಸೋಸಿದೆ. ತಟ್ಟೆ ಹಾಗೇ ವಾಪಸ್ಸು ಬಂತು.

ಗಾಳಿ ಬದಲಾಗಲಿ ಎಂದು ಅಕ್ಕ ಅವಳನ್ನು ನಾಲ್ಕು ದಿನ ಕ್ಯಾರವಾನಿನಲ್ಲಿ ಕರೆದೊಯ್ದಳು. ತಿರುಗಿ ಬಂದಾಗ ಅಮ್ಮನ ಮುಖದಲ್ಲಿ ಕಳೆ ಬಂದಿತ್ತು. "ಎರಡೆರಡು ಸಲ ಹಾಕಿಸ್ಕೊಂಡು ತಿಂದೆ ಕಣೇ" ಎಂದಳು.

"ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ ನೋಡು" ಎಂದು ನನ್ನ ಗಂಡ ನಕ್ಕ.

ತಾಯಿ ಉಂಡಳೆಂದು ಖುಷಿಪಡಬೇಕಾದವಳು ನಾನು. ಪಡಲಿಲ್ಲ. ಹೋಗಿ ಹೋಗಿ ಅಕ್ಕನ ಕೈಯಿಂದ ಉಂಡಳಲ್ಲ ಎಂದು ಆ ರಾತ್ರಿ ನನಗೇ ಊಟ ಸೇರಲಿಲ್ಲ. ಮರುದಿನ ಅಕ್ಕ ಇನ್ನೊಂದು ಮಾತು ಹೇಳಿದಳು: "ಮುಂದಿನ ಎರಡು ತಿಂಗಳು ಅಮ್ಮ ನನ್ನ ಜೊತೆ ಬರ್ಲಿ ಬಿಡು. ನೀನೂ ಸುಧಾರಿಸ್ಕೊ."

"ಮೊದಲು ನಾನೂ ಮೂರು ದಿನ ಬರ್ತೀನಿ. ಆಮೇಲೆ ನೋಡೋಣ" ಎಂದೆ. ಆ ಪಾತ್ರೆಗೆ ಅವಳು ಏನು ಹಾಕುತ್ತಾಳೆಂದು ನನ್ನ ಕಣ್ಣಾರೆ ನೋಡಬೇಕಿತ್ತು.

ಕೆರೆಯ ಪಕ್ಕದ ಮೈದಾನದಲ್ಲಿ ಗಾಡಿ ನಿಲ್ಲಿಸಿ, ಇಂಥ ಗಾಡಿಗಳಿಗೆಂದೇ ಅಲ್ಲಿ ನೆಟ್ಟಿದ್ದ ಪ್ಲಗ್ಗಿನ ಕಂಬದಿಂದ ಕರೆಂಟ್ ಎಳೆದುಕೊಂಡೆವು. ಬೆಳಗ್ಗೆ ಎಂಟಕ್ಕೆ ಅಕ್ಕ ಹೆಚ್ಚಲು ಕೂತಳು. ಆಲೂಗೆಡ್ಡೆ, ಕ್ಯಾರೆಟ್, ಈರುಳ್ಳಿ, ಒಂದು ಹಿಡಿ ಬೇಳೆ, ಉಪ್ಪು, ನೀರು. ಅಷ್ಟೇ! ಹೋಳೊಂದು ಹೆಬ್ಬೆರಳಷ್ಟು, ಇನ್ನೊಂದು ಮುಷ್ಟಿಯಷ್ಟು. ನನ್ನ ಕ್ಯಾಂಟೀನಿನಲ್ಲಿ ಯಾರಾದರೂ ಹೀಗೆ ಹೆಚ್ಚಿದ್ದರೆ ಚಾಕು ಕಿತ್ತುಕೊಂಡು ಕಳಿಸುತ್ತಿದ್ದೆ.

"ಮುಚ್ಚಳ ಮಾತ್ರ ತೆಗೀಬೇಡ" ಎಂದಳು ಅಕ್ಕ. "ಒಂದು ಸಲ ತೆಗೆದ್ರೆ ಬಿಸಿಯೆಲ್ಲ ಹೋಗಿ ಅರ್ಧ ಗಂಟೆ ಹಿಂದಕ್ಕೆ ಬೀಳುತ್ತೆ."

"ನನಗೆ ಅಡುಗೆ ಹೇಳಿಕೊಡೋಕೆ ಬಂದ್ಯಾ?"

ಅವಳು ನಕ್ಕು, ಅಮ್ಮನ ಕೈ ಹಿಡಿದು ಕೆರೆಯ ಕಡೆ ಹೊರಟಳು. ಮಂಡಿನೋವೆಂದು ನೆಪ ಹೇಳಿ ನಾನು ಉಳಿದೆ.

ಮೊದಲ ಸಲ ಮುಚ್ಚಳ ತೆಗೆದದ್ದು ವಾಸನೆ ನೋಡಲು. ಎರಡನೆಯದು ಉಪ್ಪು ನೋಡಲು. ಮೂರನೆಯದು ಅಭ್ಯಾಸಬಲ, ಒಲೆಯ ಮೇಲೆ ಪಾತ್ರೆಯಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಆಮೇಲೆ ಕಾರಣವೇ ಇರಲಿಲ್ಲ. ಏಳನೆಯ ಸಲ ಆವಿಯೆಲ್ಲ ಆರುವ ತನಕ ಮುಚ್ಚಳವನ್ನು ಮೇಜಿನ ಮೇಲಿಟ್ಟು ನೋಡುತ್ತ ನಿಂತೆ. ಗೊತ್ತಿಲ್ಲದೆ ಮಾಡಿದೆ ಎಂದರೆ ನನ್ನ ಬಾಯಲ್ಲಿ ಹುಳ ಬೀಳಲಿ.

ಮಧ್ಯಾಹ್ನ ಒಂದೂವರೆಗೆ ಅವರು ಬಂದರು. ಅಕ್ಕ ಸೌಟು ಇಳಿಸಿದಳು. ಕ್ಯಾರೆಟ್ ಟಕ್ ಎಂದಿತು.

"ಅಯ್ಯೋ, ಬೆಂದೇ ಇಲ್ವಲ್ಲ!"

"ಕರೆಂಟ್ ಹೋಗಿತ್ತೇನೋ" ಎಂದುಬಿಟ್ಟೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅಕ್ಕ ಮೇಜಿನತ್ತ ನೋಡಿದಳು. ಮುಚ್ಚಳ ಇಟ್ಟ ಕಡೆಯಲ್ಲೆಲ್ಲ ಒಂದರ ಮೇಲೊಂದು ನೀರಿನ ಬಳೆಗಳು ಮೂಡಿದ್ದವು. ಅವನ್ನು ತೋಳಿನಿಂದ ಒರೆಸಿಬಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು, ದರಿದ್ರದವಳು!

ಆದರೂ ಒಳಗೊಳಗೇ ಹಿಗ್ಗಿದೆ. ಈಗ ಅಮ್ಮ ತಟ್ಟೆ ದೂಡುತ್ತಾಳೆ, ನಾನು ಹತ್ತು ನಿಮಿಷದಲ್ಲಿ ಗ್ಯಾಸಿನ ಮೇಲೆ ಮೆತ್ತಗೆ ಬೇಯಿಸಿ ಕೊಡುತ್ತೇನೆ, ಆಗ ತಿಳಿಯುತ್ತದೆ ಯಾರ ಕೈ ಎಂಥದೆಂದು. ಎದ್ದು ಒಲೆ ಹಚ್ಚಿದೆ.

ಬೆನ್ನ ಹಿಂದೆ ಅಮ್ಮ ನಕ್ಕಳು. ತಿರುಗಿ ನೋಡಿದರೆ ಇಬ್ಬರೂ ಮಂಚದ ಮೇಲೆ ತೊಡೆಗೆ ತೊಡೆ ತಾಗಿಸಿ ಕೂತಿದ್ದಾರೆ, ನಡುವೆ ಒಂದೇ ತಟ್ಟೆ. ಯಾವುದೋ ಹುಡುಗಿ ಊಟದ ಡಬ್ಬಿಯಲ್ಲಿ ಆಮೆಮರಿ ತಂದು ಬಸ್ಸಿನಲ್ಲಿ ಬಿಟ್ಟ ಕಥೆ ಹೇಳುತ್ತ ಅಕ್ಕ ಚಮಚದ ಬೆನ್ನಿನಿಂದ ಕ್ಯಾರೆಟ್ ಜಜ್ಜುತ್ತಿದ್ದಳು. ತಾನೊಂದು ತುತ್ತು, ಅಮ್ಮನಿಗೊಂದು ತುತ್ತು.

"ಕಲ್ಲು ಕಣೇ ಇದು" ಎಂದಳು ಅಮ್ಮ. ಎಂದು, ಆ ನಾಲ್ಕು ಹಲ್ಲಿನಲ್ಲೇ ಕಟಕಟ ಅಗಿದಳು. ಆಮೇಲೆ ಬಾಯಿ ತೆರೆದಳು, ಇನ್ನೊಂದಕ್ಕೆ.

"ಬಿಡಮ್ಮ, ಅದು ಬೆಂದಿಲ್ಲ. ನಾನು ಮೆತ್ತಗೆ ಮಾಡಿಕೊಡ್ತೀನಿ."

"ಬೇಡ ಕಣೇ. ನೀನು ಒಲೆ ಮುಂದೆ ನಿಂತ್ರೆ ನನಗೆ ಕಾಣೋದು ನಿನ್ನ ಬೆನ್ನೇ. ಬಾ, ಕೂತ್ಕೊ. ನೀನೂ ನಾನೂ ಜೊತೆಗೆ ಕೂತು ಉಂಡು ಎಷ್ಟು ವರ್ಷ ಆಯ್ತು, ಹೇಳು?"

ನೆನಪಿಸಿಕೊಳ್ಳಲು ನೋಡಿದೆ. ನಾನು ಬಡಿಸುತ್ತೇನೆ, ತಟ್ಟೆ ಎಷ್ಟು ಖಾಲಿಯಾಯಿತೆಂದು ನೋಡುತ್ತೇನೆ, ಉಪ್ಪು ಖಾರ ಕೇಳುತ್ತೇನೆ, ಪಾತ್ರೆ ತೊಳೆದ ಮೇಲೆ ಕಟ್ಟೆಯ ಬಳಿ ನಿಂತು ತಿನ್ನುತ್ತೇನೆ. ಜೊತೆಗೆ ಉಂಡ ಒಂದು ದಿನವೂ ನೆನಪಿಗೆ ಬರಲಿಲ್ಲ.

ಎರಡು ತಿಂಗಳು ಅಮ್ಮ ಎಲ್ಲಿರುತ್ತಾಳೆಂದು ಮತ್ತೆ ಯಾರೂ ಮಾತೆತ್ತಲಿಲ್ಲ. ಅಕ್ಕನ ಜೊತೆಗೇ ಎಂದು ನನಗೂ ತಿಳಿದುಹೋಗಿತ್ತು. ಅಕ್ಕ ಸರಿದು ಜಾಗ ಬಿಟ್ಟಳು. ನಾನು ಒಲೆ ಆರಿಸಿ ಹೋಗಿ ಅಮ್ಮನ ಇನ್ನೊಂದು ಪಕ್ಕ ಕೂತೆ. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನೂ ಏನಾದರೂ ಹೇಳುತ್ತೇನೆಂದು.

ನನ್ನ ಬಳಿ ಆಮೆ ಇರಲಿಲ್ಲ, ಬಸ್ಸೂ ಇರಲಿಲ್ಲ.

"ಉಪ್ಪು ಸರಿಯಾಗಿದೆಯಾ, ಅಮ್ಮ?" ಎಂದು ಕೇಳಿದೆ.