ಬಾಗಿಲ ಹತ್ತಿರದ ಎಲೆ

ಮೊನ್ನೆ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಬಸ್ಸು ಹತ್ತಿ ಕೂತಿದ್ದೆ. ಟೀ ಕುಡಿಯಲು ಹೋದ ಡ್ರೈವರು ಟೀ ಗಿಡವನ್ನೇ ನೆಡುತ್ತಿದ್ದನೋ ಏನೋ, ಬರುವ ಸೂಚನೆಯೇ ಇರಲಿಲ್ಲ. ತೊಡೆಯ ಮೇಲೆ ಅಂದು ಸಂಜೆಯ ಎಡೆ ಹಬ್ಬಕ್ಕೆ ಕೊಂಡ ಬೆಲ್ಲ, ಬಾಳೆಲೆ, ಊದುಬತ್ತಿ. ಕಿಟಕಿಯಾಚೆ ತಳ್ಳುಗಾಡಿಯವನೊಬ್ಬ ಈರುಳ್ಳಿ, ಹಸಿಮೆಣಸಿನಕಾಯಿ ಕಲಸಿದ ಮೊಟ್ಟೆಯನ್ನು ಕಾದ ತವೆಗೆ ಸುರಿದ. ಪಕ್ಕದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಹಣೆ ತುಂಬ ವಿಭೂತಿ ಇಟ್ಟುಕೊಂಡ ನಾನು ಕಿಟಕಿಯ ಗಾಜನ್ನು ಇನ್ನಷ್ಟು ತೆರೆದೆ. ನನ್ನ ಮಟ್ಟಿಗೆ ಅದು ನನ್ನ ಮೈದುನನ ವಾಸನೆ.

ತಪ್ಪು ತಿಳಿಯಬೇಡಿ, ನಮ್ಮದು ಲಿಂಗ ಕಟ್ಟಿದ ಮನೆ. ಐವತ್ತರ ದಶಕದ ಕೊನೆಯಲ್ಲಿ ನಾನು ಪಿರಿಯಾಪಟ್ಟಣದ ಕಡೆಯಿಂದ ಸೊಸೆಯಾಗಿ ಬಂದಾಗ, ನಮ್ಮತ್ತೆ ಮೊಟ್ಟೆಯ ಹೆಸರನ್ನೂ ಬಾಯಲ್ಲಿ ಆಡುತ್ತಿರಲಿಲ್ಲ. ತೀರ ಅನಿವಾರ್ಯವಾದರೆ "ಆ ಬೆಳ್ಳಗಿರೋದು" ಎನ್ನುತ್ತಿದ್ದರು. ಅಂಥವರ ಕಿರಿಮಗ ನಂಜುಂಡ. ಮಿಲಿಟರಿ ಸೇರಿ ಮೊದಲ ರಜೆಗೆ ಬಂದವನು ನಮ್ಮ ಎತ್ತುಗಳಿಗೆ ಹಿಂದಿಯಲ್ಲಿ ಬೈಯುವುದನ್ನೂ ಆಮ್ಲೆಟ್ ತಿನ್ನುವುದನ್ನೂ ಕಲಿತು ಬಂದಿದ್ದ. ವಿಷ ಉಂಡವನ ಹೆಸರು ಇಟ್ಟುಕೊಂಡವನಿಗೆ ಮೊಟ್ಟೆ ಯಾವ ಲೆಕ್ಕ ಬಿಡಿ.

ಮಗನಿಗೆ ಕಜ್ಜಾಯವೆಂದರೆ ಪ್ರಾಣ ಎಂದು ಅತ್ತೆ ದಿನಾ ಕರಿದು ಹಾಕುತ್ತಿದ್ದರು. ಅವನು ಅದನ್ನು ಜೇಬಿಗಿಳಿಸಿ ಕೊಟ್ಟಿಗೆಯ ಕಡೆ ನಡೆಯುತ್ತಿದ್ದ. ರಜೆ ಮುಗಿಯುವ ಹೊತ್ತಿಗೆ ನಮ್ಮ ಎತ್ತುಗಳು ಮಾವನ ಮನೆಯಲ್ಲಿ ಕೂತುಂಡ ಅಳಿಯಂದಿರ ಹಾಗೆ ಮೈ ತುಂಬಿಕೊಂಡಿದ್ದವು.

ಅದು ಹೊಗೆಸೊಪ್ಪು ಬೇಯಿಸುವ ಕಾಲ. ಸೊಪ್ಪು ಕಟ್ಟಿ ಬೇಯಿಸುವ ಕೋಣೆಗೆ ಬ್ಯಾರನ್ ಎನ್ನುತ್ತಾರೆ, ಅದರ ಒಲೆ ಒಂದು ಗಳಿಗೆಯೂ ಆರುವಂತಿಲ್ಲ. ಅದನ್ನು ನೋಡಿಕೊಳ್ಳುವ ಕೆಲಸವನ್ನು ನಂಜುಂಡ ತಾನಾಗಿ ಮೈಮೇಲೆ ಹಾಕಿಕೊಂಡಾಗ ಅತ್ತೆಗೆ ಎಲ್ಲಿಲ್ಲದ ಹೆಮ್ಮೆ. ಅವನು ಅಲ್ಲಿ ಬೂದಿ ಎಳೆಯುವ ಸಲಿಕೆಯನ್ನು ತೊಳೆದು (ತೊಳೆದೆ ಎಂದು ಅವನು ಹೇಳುತ್ತಿದ್ದ), ಎಣ್ಣೆ ಬಿಟ್ಟು, ಕೋಳಿ ಸಾಕಿದ್ದ ದೇವಮ್ಮನ ಮನೆಯಿಂದ ತಂದ ಮೊಟ್ಟೆಯನ್ನು ಅದರ ಮೇಲೆ ಒಡೆಯುತ್ತಿದ್ದ. ಹೊರಗೆ ಕಾವಲು ನಾನು. ಅತ್ತೆ ಬಂದರೆ ಕೆಮ್ಮಬೇಕೆಂಬುದು ಆರ್ಡರು. "ನಿಮ್ಮಂಥ ಸೆಂಟ್ರಿ ನಮ್ ಪಲ್ಟನ್ನಲ್ಲೇ ಇಲ್ಲ ಕಣತ್ಗೆ" ಎಂದು ಅವನು ಉಬ್ಬಿಸುತ್ತಿದ್ದ. ಉಬ್ಬಿದ ಸಂತೋಷದಲ್ಲಿ ಒಂದು ದಿನ ಕೆಮ್ಮುವುದನ್ನೇ ಮರೆತೆ.

"ಏನ್ಲಾ ಅದು ವಾಸ್ನೆ?" ಎಂದರು ಅತ್ತೆ.

"ಹೊಗೆಸೊಪ್ಪು ಕಣವ್ವ. ಹದ ಬಂದೈತೆ."

"ಹೊಗೆಸೊಪ್ಪಿಗೆ ಈರುಳ್ಳಿ ಹಾಕ್ದೋರು ಯಾರ್ಲಾ?"

ನಂಜುಂಡ ಸಲಿಕೆಯನ್ನು ಬೆನ್ನ ಹಿಂದೆ ಹಿಡಿದು ಅಟೆನ್ಷನ್ನಿನಲ್ಲಿ ನಿಂತಿದ್ದ. ಹಿಂದಿನಿಂದ ಅಂಗಿ ಹೊಗೆಯಾಡುತ್ತಿತ್ತು. ಅತ್ತೆ ಅವನನ್ನು ನೋಡಿದರು, ನನ್ನನ್ನು ನೋಡಿದರು, ಸೀದಾ ಹೋಗಿ ತಲೆಗೆ ನೀರು ಹುಯ್ದುಕೊಂಡರು. ಮತ್ತೆ ಆ ಮಾತೆತ್ತಲಿಲ್ಲ. ಊರವರಿಗೆ ಮಾತ್ರ, ನನ್ನ ಮಗ ಮಿಲಿಟರಿಯಲ್ಲೂ ಬರೀ ಅನ್ನ ಸಾರು ಉಣ್ಣುತ್ತಾನೆ ಎಂದೇ ಹೇಳಿಕೊಂಡು ಬಂದರು.

ರಜೆ ಮುಗಿಯುತ್ತಿದ್ದಂತೆ ಅವನನ್ನು ಗಾಜಾ ಎಂಬ ಊರಿಗೆ ಹಾಕಿದರು. ಯುದ್ಧಕ್ಕಲ್ಲವ್ವ, ನೀಲಿ ಟೋಪಿ ಹಾಕಿಕೊಂಡು ಇಬ್ಬರ ನಡುವೆ ನಿಂತು ಜಗಳ ಬಿಡಿಸಲಿಕ್ಕೆ ಎಂದು ಅವನು ಸಮಾಧಾನ ಹೇಳಿದ. ಅತ್ತೆಗೆ ಒಪ್ಪಿಗೆಯಾಗಲಿಲ್ಲ. "ಜಗಳ ಬುಡ್ಸಕ್ಕೆ ಹಡಗು ಹತ್ಬೇಕೇನ್ಲಾ? ನಮ್ಮ ಗದ್ದೆ ನೀರಿನ್ ಜಗಳ ಬುಡ್ಸು. ಮನೇಲಿ ಉಂಡ್ಕೊಂಡೇ ಬುಡಿಸ್ಬೋದು."

ಮುಂದಿನ ಬೇಸಿಗೆಯಲ್ಲಿ ತಂತಿ ಬಂತು. ಯಾರೋ ಮರಳಲ್ಲಿ ಹೂತು ಮರೆತಿದ್ದ ಬಾಂಬಿನ ಮೇಲೆ ಅವನ ಜೀಪು ಹತ್ತಿತ್ತಂತೆ. ಅಂತ್ಯಕ್ರಿಯೆಯನ್ನೂ ಅಲ್ಲೇ ಮುಗಿಸಿದರು. ಅತ್ತೆ ಅಳಲಿಲ್ಲ. ಮುಖ ನೋಡದೆ ಹೇಗೆ ಅಳಲಿ ಎಂದು ನನ್ನನ್ನೇ ಕೇಳಿದರು.

ಹಾಗಾಗಿ ನಂಜುಂಡನಿಗೆ ನಾವು ಮಾಡಬಹುದಾದದ್ದೆಂದರೆ ಪಿತೃಪಕ್ಷದ ಎಡೆ ಒಂದೇ. ನಮ್ಮ ಕಡೆ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಚ್ಚಿ, ನಾವು ಹೊರಗೆ ಕಾಯಬೇಕು. ಅವರು ಬಂದು ಉಂಡು ಹೋಗುತ್ತಾರೆ. ಎಡೆಯ ಅಡುಗೆ ಮೀಸಲು, ಮೊದಲು ಯಾರೂ ರುಚಿ ನೋಡುವಂತಿಲ್ಲ. ಇಷ್ಟದ್ದು ಎಲೆಯಲ್ಲಿಲ್ಲದಿದ್ದರೆ ಬಂದವರು ಹಸಿದೇ ಹಿಂದಿರುಗುತ್ತಾರೆಂದು ನಂಬಿಕೆ. ಆ ವರ್ಷ ನಂಜುಂಡನ ತಾತನ ಎಲೆಗೆ ನಶ್ಯದ ಡಬ್ಬಿ ಬಂತು. ನಂಜುಂಡನ ಎಲೆಗೆ ಅತ್ತೆ ಕಜ್ಜಾಯ ಪೇರಿಸಿದರು, ನಾನು ನೆಲ ನೋಡಿದೆ. ಅತ್ತೆ ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತ ನಿಂತು, "ಬಾಗ್ಲು ಮುಚ್ಬೇಡಿ, ಬತ್ತೀನಿ" ಎಂದು ಹಿತ್ತಲ ಕಡೆ ಹೋದರು.

ಎಷ್ಟು ಹೊತ್ತಾದರೂ ಬರಲಿಲ್ಲ. "ಹಿರೀಕ್ರು ಹಸ್ಕೊಂಡವ್ರೆ" ಎಂದು ದೊಡ್ಡಮಾವ, ಅಂದರೆ ಅತ್ತೆಯ ಭಾವ, ಗೊಣಗಿದರು. ಅವರ ಹೊಟ್ಟೆಯ ಸದ್ದು ನಮಗೂ ಕೇಳಿಸುತ್ತಿತ್ತು.

ಕೊನೆಗೆ ಅತ್ತೆ ಬ್ಯಾರನ್ನಿನ ದಿಕ್ಕಿನಿಂದ ಬಂದರು. ಮೂಗಿನ ಮೇಲೆ ಮಸಿ, ಕೈಯಲ್ಲಿ ಬಾಳೆಲೆ ಮುಚ್ಚಿದ ತಟ್ಟೆ. ಹಜಾರವೆಲ್ಲ ಈರುಳ್ಳಿ ಘಮಘಮ. ಎಲೆಯ ಅಂಚಿನಿಂದ ಕರಿಕಲಾದದ್ದೊಂದು ಇಣುಕುತ್ತಿತ್ತು, ಬಿಳಿ ಚಿಪ್ಪಿನ ಚೂರು ಅಲ್ಲಲ್ಲಿ ಹೊಳೆಯುತ್ತಿತ್ತು. ದೊಡ್ಡಮಾವ ಊರಿಗೇ ಹಿರಿಯರು, ದಿನಕ್ಕೆರಡು ಸಲ ಲಿಂಗಪೂಜೆ ಮಾಡುವವರು. "ಏನವ್ವಾ ಅದು?" ಎಂದರು.

"ಹೊಗೆಸೊಪ್ಪು ಭಾವ," ಎಂದರು ಅತ್ತೆ. "ಹದ ಬಂದೈತೆ."

ದೊಡ್ಡಮಾವ ತೊಲೆ ನೋಡಿದರು. ತೊಲೆಯಲ್ಲಿ ಏನೂ ಇರಲಿಲ್ಲ. ಅತ್ತೆ ಆ ತಟ್ಟೆಯನ್ನು ಹಿರಿಯರ ಸಾಲಿಗೆ ಇಡದೆ, ಬಾಗಿಲ ಹತ್ತಿರ ಬೇರೊಂದು ಎಲೆ ಹಾಸಿ ಇಟ್ಟರು. "ಅವ್ರ ತಾತ ನೋಡುದ್ರೆ ಬೈತಾರೆ. ಇಲ್ಲೇ ತಿಂದ್ಕೊಂಡೋಗ್ಲಿ."

ಬಾಗಿಲು ಮುಚ್ಚಿ ಜಗಲಿಯಲ್ಲಿ ಕೂತೆವು. ಅತ್ತೆ ನನ್ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದರು: "ನೀನು ಕಾವ್ಲು ನಿಂತಿದ್ಯಲ್ಲ, ನೋಡಿರ್ತೀಯ. ಅವ್ನು ಅದುಕ್ಕೆ ಉಪ್ಪು ಹಾಕ್ತಿದ್ನೇನವ್ವ?"

"ಹಾಕ್ತಿದ್ದ, ಅತ್ತೆ."

"ನಾನ್ ಹಾಕ್ನಿಲ್ಲ ಕಣವ್ವ," ಎಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದರು. ತಂತಿ ಬಂದ ಮೇಲೆ ಅವರು ಅತ್ತದ್ದು ಅದೇ ಮೊದಲು.

ಅತ್ತೆ ಇರುವವರೆಗೆ ಬಾಗಿಲ ಹತ್ತಿರದ ಎಲೆಗೆ ಅದು ತಪ್ಪಲಿಲ್ಲ, ಉಪ್ಪಿನ ಸಮೇತ. ಅವರ ನಂತರ ಎಲೆ ಉಳಿಯಿತು, ಆಮ್ಲೆಟ್ ಹೋಯಿತು. ಮೂಗಿಗೆ ಮಸಿ ಬಳಿದುಕೊಳ್ಳುವ ಧೈರ್ಯ ನನಗೆಲ್ಲಿ? ಕಜ್ಜಾಯವನ್ನೇ ಇಟ್ಟುಕೊಂಡು ಬಂದೆ. ಮೊನ್ನೆ ಆ ಬಸ್ಸಿನಲ್ಲಿ ಕೂತು ಬೆಲ್ಲದ ಪೊಟ್ಟಣ ನೋಡುವಾಗ ಹೊಳೆಯಿತು: ಈಗ ನಮ್ಮ ಮನೆಯಲ್ಲಿ ಎತ್ತುಗಳೂ ಇಲ್ಲ. ಪಾಪ, ಅವನು ಆ ಕಜ್ಜಾಯವನ್ನೆಲ್ಲ ಯಾರಿಗೆ ಹಾಕುತ್ತಾನೆ?

ಚೀಲವನ್ನು ಸೀಟಿನ ಮೇಲಿಟ್ಟು, ಮಂಡಿ ಹಿಡಿದುಕೊಂಡು ಬಸ್ಸಿಳಿದೆ. ತಳ್ಳುಗಾಡಿಯವನು ನನ್ನ ವಿಭೂತಿಯನ್ನೂ ತವೆಯನ್ನೂ ಎರಡೆರಡು ಸಲ ನೋಡಿದ.

"ಉಪ್ಪು ಹಾಕಿದ್ದೀಯೇನಪ್ಪ?"

"ಹಾಕಿವ್ನಿ ಅಜ್ಜಿ. ಬೇಕಾರೆ ಒಸಿ ತಿಂದ್ ನೋಡಿ."

"ಬೇಡ, ಮೀಸಲು. ಪಾರ್ಸೆಲ್ ಕಟ್ಟು."

"ಯಾರ್ಗಜ್ಜಿ?"

"ನಮ್ ಮೈದ್ನಂಗೆ. ಬೇಗ ಕಟ್ಟಪ್ಪ, ಬಾಗ್ಲತ್ರ ಹಸ್ಕೊಂಡು ಕಾಯ್ತಾವ್ನೆ."