ಅವ್ವ ಉಪವಾಸ ಕೂತ ಆಷಾಢ

ಆಗಿನ್ನೂ ಇಂಗ್ಲಿಷರ ರಾಜ್ಯ. ಧುಪದಾಳದ ಬಾಜೂ, ಹೊಳೆದಂಡೆಯ ನಮ್ಮೂರಿನಲ್ಲಿ ಲಿಂಗಪೂಜೆ ಆಗದೆ ನಮ್ಮವರ್‍ಯಾರೂ ಗುಟುಕು ನೀರನ್ನೂ ಕುಡಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಂತೂ ಆಯಿಯದೇ ದರಬಾರು. ಆಯಿ ಎಂದರೆ ಅಪ್ಪನ ತಾಯಿ. ಹಣೆಗೆ ವಿಭೂತಿ ಇಲ್ಲದೆ ಒಲೆಯ ಹತ್ತಿರ ಸುಳಿದರೆ ನನ್ನ ಬೆನ್ನಿಗೆ ಗುದ್ದು ಬಿತ್ತೆಂದೇ ಲೆಕ್ಕ.

ಆ ಆಷಾಢದಲ್ಲಿ ಹೊಳೆ ಕೆಂಪಗೆ ತುಂಬಿತ್ತು. ಅವ್ವ ಬಾಣಂತನ ಮುಗಿಸಿ ಎದ್ದು ಹೆಚ್ಚು ದಿನ ಆಗಿರಲಿಲ್ಲ. ಬೆಳಿಗ್ಗೆ ಬಟ್ಟೆ ಒಗೆಯಲು ಹೋದವಳು ಒದ್ದೆ ಸೀರೆಯಲ್ಲೇ ಬಂದು ಪಡಸಾಲೆಯ ಕಂಬ ಹಿಡಿದು ನಿಂತಳು. ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರ ಇರಲಿಲ್ಲ.

"ಅತ್ತಿ, ದಾರ ಹರದು ನನ್ನ ಲಿಂಗ ಹೊಳ್ಯಾಗ ಹೋತ್ರಿ," ಅಂದಳು. ನಾನು ಆಡುತ್ತಿದ್ದ ಗಜ್ಜುಗ ಕೈಯಲ್ಲೇ ಉಳಿದವು.

ಲಿಂಗ ಕಳೆದುಕೊಂಡವರು ಗುರು ಬಂದು ಹೊಸದು ಕಟ್ಟುವ ತನಕ ಏನನ್ನೂ ಬಾಯಿಗೆ ಹಾಕುವಂತಿರಲಿಲ್ಲ. ನಮ್ಮ ಮನೆಯ ಗುರುಗಳು ಇದ್ದದ್ದು ಮೂಡಲಗಿಯಲ್ಲಿ. ಅಪ್ಪ ಆಗಿಂದಾಗಲೇ ಚಕ್ಕಡಿ ಹೂಡಿದ. ಸಂಜೆಯಾದರೂ ತಿರುಗಿ ಬರಲಿಲ್ಲ. ನಡುವೆ ಹಳ್ಳ ಬಂದು ಚಕ್ಕಡಿಗಳೆಲ್ಲ ದಂಡೆಯಲ್ಲೇ ನಿಂತಿವೆ ಎಂದು ಸಂತೆಯಿಂದ ಬಂದವರು ಹೇಳಿದರು.

ಮರುದಿನ ಮಧ್ಯಾಹ್ನಕ್ಕೆ ಅವ್ವನ ತುಟಿ ಒಣಗಿ ಬಿರಿದಿದ್ದವು. ಎದೆಹಾಲು ಬತ್ತಿತ್ತು. ತಮ್ಮ ಮೊದಲು ಕಿರುಚಿದ, ಆಮೇಲೆ ನರಳಿದ, ಆಮೇಲೆ ಸುಮ್ಮನಾದ. ಸುಮ್ಮನಾದದ್ದಕ್ಕೇ ನನಗೆ ಹೆಚ್ಚು ಭಯವಾಯಿತು. ಅರಳೆಯನ್ನು ಆಕಳ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಕಕ್ಕಿಬಿಟ್ಟ. ಒಳಗಿಂದ ಆಯಿ ನನಗೆಂದು ಮಾಡಿಟ್ಟಿದ್ದ ರೊಟ್ಟಿ, ಪುಂಡಿಪಲ್ಯದ ವಾಸನೆ. ನನಗೆ ಹಸಿವು, ಆ ಹಸಿವಿನ ಮೇಲೇ ಸಿಟ್ಟು.

"ಒಂದ್ ಗುಟುಕು ನೀರರ ಕುಡಿ ಯವ್ವಾ," ಎಂದೆ.

"ಬ್ಯಾಡವಾ, ತಪ್ಪಾಗತೈತಿ."

ಮೂಲೆಯಲ್ಲಿ ಕೂತ ಆಯಿ ಎಲ್ಲವನ್ನೂ ನೋಡುತ್ತಿದ್ದಳು. ಆಕೆಯೂ ನಿನ್ನೆಯಿಂದ ಉಂಡಿರಲಿಲ್ಲ. ಆದರೂ ಈ ಮುದುಕಿಗೆ ಕರುಳೇ ಇಲ್ಲ ಎಂದುಕೊಂಡೆ.

ಆಯಿ ಎದ್ದಳು. ತಮ್ಮನಿಗೆ ಹುಟ್ಟಿದಾಗಲೇ ಗುರುಗಳು ಕೊಟ್ಟಿದ್ದ ಪುಟ್ಟ ಲಿಂಗ ತೊಟ್ಟಿಲಿಗೆ ಕಟ್ಟಿತ್ತು. ಅದನ್ನು ಬಿಚ್ಚಿ ಅವ್ವನ ಅಂಗೈಯಲ್ಲಿಟ್ಟಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಪೂಜಿಸುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ಅದನ್ನು ಆಯಿಯತ್ತಲೇ ತಿರುಗಿ ಚಾಚಿದಳು.

"ಅತ್ತಿ, ಇದು ಕೂಸಿಂದರಿ."

"ಮೊನ್ನಿತನಕ ಕೂಸು ನಿನ್ನ ಹೊಟ್ಟ್ಯಾಗ ಇತ್ತಲ್ಲ? ಪೂಜಿ ಮಾಡು, ನೀರು ಕುಡಿ. ಪಾಪ ಹತ್ತಿದ್ರ ನನಗ ಹತ್ಲಿ."

"ಮೂಡಲಗಿ ಅಯ್ಯನೋರು ಕೇಳಿದ್ರ?"

"ನಾ ಹೇಳ್ತೇನಿ."

ಅವ್ವ ಅಳುತ್ತಲೇ ಪೂಜೆ ಮಾಡಿದಳು. ಆಯಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಾನೇ ತುತ್ತು ಮಾಡಿ ಉಣಿಸಿದಳು. ದೀಪ ಹಚ್ಚುವ ಹೊತ್ತಿಗೆ ತಮ್ಮ ಮೊಲೆ ಹಿಡಿದ. ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಹಳ್ಳ ಇಳಿದ ಮೇಲೆ ಅಪ್ಪ ಗುರುಗಳನ್ನು ಕರೆತಂದ. ಅವ್ವನಿಗೆ ಹೊಸ ಲಿಂಗ ಬಂತು. ಆಯಿ ಮಾಡಿದ್ದನ್ನೆಲ್ಲ ಓಣಿಯವರೆದುರೇ ಹೇಳಿದಳು. ಗುರುಗಳು ಯಾವ ಪ್ರಾಯಶ್ಚಿತ್ತವನ್ನೂ ಹೇಳಲಿಲ್ಲ. ಆಕೆಯೇ ತನಗೆ ಶಿಕ್ಷೆ ಹಾಕಿಕೊಂಡು, ಸಾಯುವ ತನಕ ರಾತ್ರಿಯ ಊಟ ಬಿಟ್ಟಳು. ಅವ್ವ ದಿನಾ ತಾಟು ಹಿಡಿದು, "ಒಂದ್ ತುತ್ತರ ಉಣ್ರಿ ಅತ್ತಿ," ಎಂದು ಗೋಗರೆಯುತ್ತಿದ್ದಳು. ಆಯಿ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದಳು.

ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ಮನೆಯಲ್ಲಿ ಈಗ ಪೂಜೆಗೆಂದು ಯಾರೂ ಹಸಿದು ಕೂರುವುದಿಲ್ಲ. ಒಳ್ಳೆಯದೇ ಆಯಿತು. ನಾನೂ ಅತ್ತೆಯಾಗಿದ್ದೇನೆ. ಹಸಿದ ಸೊಸೆಗೆ ಉಣ್ಣು ಎನ್ನುವುದು ನನಗೆ ಎಷ್ಟು ಹಗುರ. ಅದಕ್ಕಾಗಿ ಮೀರಬೇಕಾದ ನೇಮ ನನ್ನ ಹತ್ತಿರ ಯಾವುದೂ ಇಲ್ಲ. ಆಯಿಯ ಹತ್ತಿರ ಇತ್ತು.